ಬಿಸಿನೀರಿನ ತೊಟ್ಟಿಯಿಂದ ಮುಂಬೈ ಮ್ಯಾರಥಾನ್‌ವರೆಗೆ: ನನ್ನ ಅನುಭವ

ಬೆಂಗಳೂರಿನಲ್ಲಿ ಅಭ್ಯಾಸ ಮಾಡಿ ಮುಂಬೈಗೆ ಹೋಗುವ ಓಟಗಾರರು ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಕುಸಿಯುವುದು ಬಹಳ ಸಲ ಕಾಲಿನ ಶಕ್ತಿ ಸಾಲದೆ ಅಲ್ಲ, ಮೈಯ ಕಾವು ಹೊರಹೋಗದೆ. ಜನವರಿಯ ಮೂರನೆಯ ಭಾನುವಾರ, ನಸುಕಿನ ಐದು ಗಂಟೆಗೆ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನಿಂದ ಹೊರಡುವಾಗ ಹವೆ ಹಿತವಾಗಿರುತ್ತದೆ. ಆದರೆ ನನ್ನಂತೆ ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಸುವವರಿಗೆ ಕೊನೆಯ ಹತ್ತು ಕಿಲೋಮೀಟರ್ ಪೂರ್ತಿ ಬಿಸಿಲಿನಲ್ಲೇ ಕಳೆಯುತ್ತದೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಶೂ ಒಳಗೆ ಇಳಿದು ನಿಲ್ಲುತ್ತದೆ, ಮೈ ತಣಿಯುವುದಿಲ್ಲ.

ಹಿಂದಿನ ಓಟಗಳಲ್ಲಿ ನಾನು ಮರಳುವ ದಾರಿಯ ಪೆಡ್ಡರ್ ರಸ್ತೆಯ ಏರಿನಲ್ಲಿ ತೊಡೆ ಸೆಳೆತ ಹಿಡಿದು, ಹೃದಯ ಬಡಿತ 180ರ ಹತ್ತಿರ ನಿಂತು, ಉಳಿದದ್ದನ್ನು ನಡೆದೇ ಮುಗಿಸಿದ್ದೆ. ಪರಿಹಾರಕ್ಕೆಂದು ಆಮದು ಉಪ್ಪಿನ ಕ್ಯಾಪ್ಸೂಲು, ತಂಪಿನ ವೆಸ್ಟು, ಕುತ್ತಿಗೆಯ ಪಟ್ಟಿ ಎಂದು ಹದಿನೈದು ಸಾವಿರಕ್ಕೂ ಮಿಕ್ಕಿ ಸುರಿದೆ. ಒದ್ದೆ ಆರುವುದರಿಂದಲೇ ತಂಪು ಕೊಡುವ ಆ ಪಟ್ಟಿ ಒಣಹವೆಯ ಊರಿಗೆ ಸರಿ. ಮುಂಬೈಯಲ್ಲಿ ಅದು ಅರ್ಧ ಗಂಟೆಯೊಳಗೆ ಬೆಚ್ಚನೆಯ ಬಟ್ಟೆಯಾಯಿತು.

ಉಳಿದದ್ದು ಮೈಯನ್ನೇ ಸೆಕೆಗೆ ಒಗ್ಗಿಸುವ ದಾರಿ. ಆದರೆ ಡಿಸೆಂಬರಿನ ಬೆಂಗಳೂರಿನಲ್ಲಿ ಸೆಕೆಯನ್ನು ಎಲ್ಲಿಂದ ತರುವುದು? ನಾನು ಹಿಡಿದ ದಾರಿ ಸಂಜೆಯ ಓಟ ಮುಗಿದ ತಕ್ಷಣ, ಮೈ ಆರುವ ಮೊದಲೇ, 40 ಡಿಗ್ರಿ ನೀರಿನಲ್ಲಿ ಎದೆಮಟ್ಟ ಕೂರುವುದು. ಗಾಳಿ ತುಂಬುವ ತೊಟ್ಟಿಗೆ ಎರಡೂವರೆ ಸಾವಿರ ಕೊಟ್ಟೆ. ಗೀಸರಿನ ಇಪ್ಪತ್ತೈದು ಲೀಟರ್ ಅದರ ತಳಕ್ಕೂ ಸಾಲದೆ ಗ್ಯಾಸ್ ಒಲೆಯ ಮೇಲೆ ಹಂಡೆ ಇಡಬೇಕಾಗಿ ಬಂದು, ಆ ತಿಂಗಳು ಸಿಲಿಂಡರ್ ಬೇಗನೆ ಖಾಲಿಯಾಯಿತು. ಇಪ್ಪತ್ತು ನಿಮಿಷದಿಂದ ಆರಂಭಿಸಿ, ಎರಡು ವಾರಗಳ ಸುಮಾರಿಗೆ ನಲವತ್ತು ನಿಮಿಷ ಮುಟ್ಟಿದೆ. "ನೀರಲ್ಲಿ ಕೂತೇ ಓಟ ಬರೋದಾದ್ರೆ ಕಬ್ಬನ್ ಪಾರ್ಕಿಗೆ ಯಾಕಪ್ಪಾ ಬರ್ತೀಯ?" ಎಂದು ನಮ್ಮ ತಂಡದ ಹಿರಿಯರೊಬ್ಬರು ಎಲ್ಲರೆದುರೇ ಕೇಳಿದರು.

ಅವರ ಪ್ರಶ್ನೆಗೆ ಉತ್ತರ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಲಾಂಗ್ ರನ್‌ನಲ್ಲಿ ಸಿಕ್ಕಿತು. ಅದೇ ಸುತ್ತು, ಅದೇ ಪೇಸ್, ಆದರೆ ಬಡಿತ ಏಳೆಂಟು ಕಡಿಮೆ. ಬೆವರು ಮೊದಲ ಕಿಲೋಮೀಟರಿನಲ್ಲೇ ಒಡೆಯುತ್ತಿತ್ತು. ಕಪ್ಪು ಟಿ-ಶರ್ಟಿನ ಬೆನ್ನಿನ ಮೇಲೆ ಒಣಗಿದಾಗ ಬಿಳಿ ಗೆರೆಗಳಾಗಿ ಕಟ್ಟುತ್ತಿದ್ದ ಉಪ್ಪು ಈಗ ತೆಳುವಾಗಿತ್ತು. ರಕ್ತದ ದ್ರವಾಂಶ ಹೆಚ್ಚಿ, ಬೆವರಿನಲ್ಲಿ ಸೋಡಿಯಂ ಇಳಿದಿದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈ ನಡುವೆ ಮುಂಬೈಯಂತೆಯೇ ತೇವದ ಹವೆಯ ಮಂಗಳೂರಿಗೂ ಹೋಗಿ, ತಣ್ಣೀರುಬಾವಿ ಕಡಲತೀರದ ಕಡೆ ನಡುಹಗಲು ಒಂದು ಗಂಟೆ ಓಡಿ, ಮೊದಲೂ ಆಮೇಲೂ ತೂಕ ನೋಡಿದೆ. ಸುಮಾರು ಒಂದು ಕಿಲೋ ನಾನ್ನೂರು ಗ್ರಾಂ ಇಳಿದಿತ್ತು, ಎಂದರೆ ಹೆಚ್ಚೂಕಡಿಮೆ ಅಷ್ಟೇ ಲೀಟರ್ ಬೆವರು. ಅಷ್ಟನ್ನೂ ಕುಡಿದು ತುಂಬಿಸಲು ಹೋದರೆ ಹೊಟ್ಟೆ ಒಪ್ಪುವುದಿಲ್ಲ, ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಹಾಗಾಗಿ ಗಂಟೆಗೆ ಆರುನೂರರಿಂದ ಏಳುನೂರು ಮಿಲಿ ಎಂದು ನಿಗದಿ ಮಾಡಿ, ಕ್ಯಾಪ್ಸೂಲು ಬಿಟ್ಟು, ಲೀಟರಿಗೊಂದು ಪೊಟ್ಟಣದ ಮಾಮೂಲಿ ಓಆರ್‌ಎಸ್ ಹಿಡಿದೆ. ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯನ್ನೂ ಪರೀಕ್ಷಿಸಿದೆ. ಹದಿನೈದು ಕಿಲೋಮೀಟರ್‌ವರೆಗೆ ಸೊಗಸಾಗಿತ್ತು, ಆಮೇಲೆ ಹುಳಿತೇಗು.

ಓಟದ ದಿನ ಮೊದಲರ್ಧವನ್ನು ಗುರಿಗಿಂತ ಕಿಲೋಮೀಟರಿಗೆ ಹದಿನೈದು ಸೆಕೆಂಡು ನಿಧಾನವಾಗಿ ಓಡಿದೆ. ಬಾಂದ್ರಾ–ವರ್ಲಿ ಸೀ ಲಿಂಕ್‌ನ ಐದೂವರೆ ಕಿಲೋಮೀಟರಿನಲ್ಲಿ ಕಡಲ ಗಾಳಿಗೆ ಉಬ್ಬಿ ಬಹಳ ಜನ ನನ್ನನ್ನು ಹಿಂದಿಕ್ಕಿದರೂ, ಮೂವತ್ತು ಮುಗಿಯುವವರೆಗೆ ಬಡಿತ 155 ದಾಟಲು ಬಿಡಲಿಲ್ಲ. ಬಿಸಿಲೇರಿದ ಮೇಲೆ ರಸ್ತೆ ಬದಿಯ ನಿವಾಸಿಗಳು ಕೊಟ್ಟ ಐಸನ್ನು ಟೋಪಿಯೊಳಗೆ ಇಟ್ಟುಕೊಂಡೆ. ಎಲ್ಲಿಂದ ಶುರುಮಾಡಿ ಎಷ್ಟು ಹೊತ್ತಿಗೊಮ್ಮೆ ಎಂಬ ಲೆಕ್ಕವನ್ನೂ ಕೊನೆಯ ಮೂರು ದಿನ ತೊಟ್ಟಿಯನ್ನು ಹೇಗೆ ಬಳಸುತ್ತೇನೆ ಎಂಬುದನ್ನೂ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪೆಡ್ಡರ್ ರಸ್ತೆಯ ಏರಿನಲ್ಲಿ ಒಂದು ಹೆಜ್ಜೆಯನ್ನೂ ನಡೆಯಲಿಲ್ಲ. ಸೀ ಲಿಂಕ್‌ನಲ್ಲಿ ಮುಂದೆ ಹೋದ ಎಷ್ಟೋ ಬೆನ್ನುಗಳನ್ನು ಅಲ್ಲೇ ದಾಟಿದೆ. ಮುಗಿಸಿದ್ದು ನಾಲ್ಕು ಗಂಟೆ ಇಪ್ಪತ್ತೈದು ನಿಮಿಷದ ಸುಮಾರಿಗೆ, ಹಿಂದಿನದಕ್ಕಿಂತ ಮುಕ್ಕಾಲು ಗಂಟೆ ಬೇಗ. ತೊಟ್ಟಿ, ಗ್ಯಾಸು, ಓಆರ್‌ಎಸ್ ಎಲ್ಲ ಸೇರಿ ಐದು ಸಾವಿರ ದಾಟಿರಲಿಲ್ಲ.

ಬಿಸಿನೀರಿನ ಈ ಅಭ್ಯಾಸ ಮಾಡುವವರು ಓಟಕ್ಕೆ ತೀರಾ ಮೊದಲೇ ನಿಲ್ಲಿಸಬಾರದು, ಗಳಿಸಿದ್ದು ಕೆಲವೇ ವಾರಗಳಲ್ಲಿ ಕರಗುತ್ತದೆ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕೈಹಾಕಬಾರದು. ಬಿಸಿನೀರಿನಿಂದ ಒಮ್ಮೆಲೇ ಎದ್ದರೆ ಕಣ್ಣು ಕತ್ತಲೆ ಬರುವುದರಿಂದ, ಮನೆಯಲ್ಲಿ ಯಾರಾದರೂ ಇರುವಾಗಲೇ ಕೂರಬೇಕು.