ಬೆರೆಸುವ ವಿಧಾನಕ್ಕೆ ಪೇಟೆಂಟ್ ನಿರಾಕರಣೆ: ಮೇಲ್ಮನವಿಯನ್ನು ಪರಿಶೀಲಿಸುವುದು ಹೇಗೆ?

ರಾಸಾಯನಿಕ ಮಿಶ್ರಣದ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೇಳಿದವರಿಗೆ ಹೆಚ್ಚಾಗಿ ಎದುರಾಗುವ ಆಕ್ಷೇಪ ಒಂದೇ: ‘ಕ್ಷೇತ್ರ ಬಲ್ಲವರಿಗೆ ಇದು ತಾನಾಗಿ ಹೊಳೆಯುತ್ತಿತ್ತು.’ ಅಲ್ಲಿನ ಪೇಟೆಂಟ್ ಕಾನೂನಿನ 103ನೇ ಸೆಕ್ಷನ್ ಇದಕ್ಕೆ ಆಧಾರ. ಪ್ರಕರಣ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿಗೆ ಹೋಗುವಾಗ ಕಡತವನ್ನು ಹೀಗೆ ಓದಿ.

ಮೊದಲು ಕ್ಲೇಮ್, ಅಂದರೆ ಯಾವುದಕ್ಕೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಹೇಳುವ ವಾಕ್ಯ. ಉದಾಹರಣೆಗೆ, ಆಮ್ಲ ಸೇರಿಸಿದ ನಂತರವೇ ಪಾಲಿಮರ್ ಸೇರಿಸಬೇಕು ಎಂಬ ಕ್ರಮ ಕ್ಲೇಮ್‌ನಲ್ಲೇ ಇದೆಯೇ? ಅರ್ಜಿಯ ಉಳಿದ ವಿವರಣೆಯಲ್ಲಷ್ಟೇ ಇದ್ದರೆ ಅದನ್ನು ನೆಚ್ಚಿದ ವಾದ ನಿಲ್ಲುವುದಿಲ್ಲ. ಬಳಿಕ, ಅಮೆರಿಕದ ಸುಪ್ರೀಂ ಕೋರ್ಟ್‌ನ 1966ರ ಗ್ರಹಾಂ ತೀರ್ಪು ಹೇಳಿದಂತೆ, ಅರ್ಜಿಗೂ ಮುಂಚಿನ ಹಳೆಯ ದಾಖಲೆಗಳಲ್ಲಿ ಏನಿದೆ, ಕ್ಲೇಮ್‌ಗೂ ಅದಕ್ಕೂ ವ್ಯತ್ಯಾಸವೇನು, ಕ್ಷೇತ್ರದ ಸಾಮಾನ್ಯ ಪರಿಣತಿ ಎಷ್ಟು ಎಂಬುದನ್ನು ಬರೆದುಕೊಳ್ಳಿ.

ಇನ್ನು ಮುಂದಿನದು ಪ್ರಕರಣದ ಜೀವಾಳ. ಇಲ್ಲಿ ಅವಸರ ಬೇಡ. ಹಳೆಯ ವಿಧಾನವನ್ನು ಬದಲಿಸಲು ಪರಿಣತರಿಗೆ ಏನು ಕಾರಣವಿತ್ತು? ಅದೇ ಕೋರ್ಟ್‌ನ 2007ರ ಕೆಎಸ್‌ಆರ್ ತೀರ್ಪು, ಅರ್ಜಿಯನ್ನು ಪರಿಶೀಲಿಸುವ ಪೇಟೆಂಟ್ ಕಚೇರಿಯ ಪರೀಕ್ಷಕರಿಗೆ ಸಾಕಷ್ಟು ಸಡಿಲಿಕೆ ಕೊಟ್ಟಿದೆ, ಆದರೆ ಕಾರಣವನ್ನು ವಿವರಿಸುವ ಹೊಣೆಯಿಂದ ಬಿಡುಗಡೆ ಮಾಡಿಲ್ಲ. ಬೆರೆಸುವ ಕ್ರಮ ಬದಲಾಗಿದ್ದರೆ 1946ರ ಬರ್ಹಾನ್ಸ್ ತೀರ್ಪು ಮುಂದೆ ಬರುತ್ತದೆ: ಅನಿರೀಕ್ಷಿತ ಫಲಿತಾಂಶವಿಲ್ಲದೆ ಕ್ರಮದ ಆಯ್ಕೆಯೊಂದೇ ಪೇಟೆಂಟ್‌ಗೆ ಸಾಲದು. ಪ್ರಮಾಣ ಅಥವಾ ತಾಪಮಾನ ಬದಲಾಗಿದ್ದರೆ 1955ರ ಆಲ್ಲರ್ ತೀರ್ಪು. ಅಲ್ಲಿ ಹಳೆಯ ದಾಖಲೆಯಲ್ಲಿ 100 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 10ರ ಆಮ್ಲವಿತ್ತು. ಅರ್ಜಿದಾರರು ಕೇಳಿದ್ದು 40ರಿಂದ 80 ಡಿಗ್ರಿ, ಶೇ 25ರಿಂದ 70. ಅದು ವಾಡಿಕೆಯ ಪ್ರಯೋಗವಷ್ಟೇ ಎಂದು ನ್ಯಾಯಾಲಯ ಹೇಳಿತು. ಆದರೆ 1977ರ ಆಂಟನಿ ತೀರ್ಪನ್ನೂ ಮರೆಯಬೇಡಿ: ಬದಲಿಸಿದ ಅಂಶ ಫಲಿತಾಂಶವನ್ನು ನಿರ್ಧರಿಸುತ್ತದೆ ಎಂಬುದೇ ಹಿಂದೆ ಗೊತ್ತಿರದಿದ್ದರೆ, ಅದನ್ನು ಹದಗೊಳಿಸುವ ಯೋಚನೆ ಯಾರಿಗೆ ಬಂದೀತು? ಪರೀಕ್ಷಕರು ಉಲ್ಲೇಖಿಸಿದ ಪುಟವನ್ನೇ ತೆರೆದು, ಆ ಮಾತು ಅಲ್ಲಿದೆಯೇ ನೋಡಿ. ನನ್ನ ಮಟ್ಟಿಗೆ ಇಡೀ ಪರಿಶೀಲನೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಕೆಲಸವಿಲ್ಲ.

ಅನಿರೀಕ್ಷಿತ ಫಲಿತಾಂಶ ಇದೆಯೆನ್ನುವವರು ಅತಿ ಸಮೀಪದ ಹಳೆಯ ವಿಧಾನದೊಂದಿಗೆ ಹೋಲಿಸಿದ ಪ್ರಯೋಗವನ್ನು ಅರ್ಜಿಯ ವಿವರಣೆಯಲ್ಲಿ ಇಲ್ಲವೇ ಪ್ರಮಾಣ ಮಾಡಿ ಸಲ್ಲಿಸುವ ಹೇಳಿಕೆಯಲ್ಲಿ (ಅಫಿಡವಿಟ್) ಕೊಟ್ಟಿರಬೇಕು. ವಕೀಲರ ಮಾತು ಸಾಕ್ಷ್ಯವಲ್ಲ. ಉದಾಹರಣೆಗೆ, ಕ್ಲೇಮ್‌ನಲ್ಲಿ ಒಂದು ಪದಾರ್ಥದ ಪ್ರಮಾಣ ಶೇ 10ರಿಂದ 60ರವರೆಗೆ ಹರಡಿದ್ದು ಪ್ರಯೋಗ ಶೇ 30ರಲ್ಲಿ ಮಾತ್ರ ನಡೆದಿದ್ದರೆ, ಉಳಿದ ವ್ಯಾಪ್ತಿಗೂ ಅದು ಅನ್ವಯಿಸುತ್ತದೆಂದು ತೋರಿಸಬೇಕಾಗುತ್ತದೆ. ಮೇಲ್ಮನವಿ ಹೂಡಿದ ಮೇಲೆ ಹೊಸ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ.

ಗಡುವುಗಳು: ಮೇಲ್ಮನವಿ ನೋಟಿಸ್‌ನಿಂದ 2 ತಿಂಗಳೊಳಗೆ ಲಿಖಿತ ವಾದ, ಪರೀಕ್ಷಕರ ಉತ್ತರದಿಂದ 2 ತಿಂಗಳೊಳಗೆ ಪ್ರತ್ಯುತ್ತರ. ಮೊದಲ ವಾದದಲ್ಲಿ ಎತ್ತದ ಅಂಶವನ್ನು ಮಂಡಳಿ ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಮಂಡಳಿಯೇ ತಿರಸ್ಕಾರಕ್ಕೆ ಹೊಸ ಕಾರಣ ಕೊಟ್ಟರೆ, 2 ತಿಂಗಳೊಳಗೆ ಅರ್ಜಿಯನ್ನು ಪರೀಕ್ಷಕರ ಮುಂದೆ ಮತ್ತೆ ತೆರೆಯಬಹುದು. ಆಗ ಹೊಸ ಪ್ರಯೋಗದ ಅಂಕಿಅಂಶಗಳಿಗೂ ದಾರಿ ಸಿಗುತ್ತದೆ.