ಪಿತ್ತಕೋಶದ ಲಿವರ್ ಬದಿಗೆ ನೀಲಿ ಶಾಯಿ: ನನ್ನ ಅನುಭವ

ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲಿ ಕ್ಯಾನ್ಸರ್ ಸಿಕ್ಕಿತು ಅಂತ ಪೆಥಾಲಜಿಸ್ಟ್ ಆದ ನಾನು ಫೋನ್ ಮಾಡಿದರೆ ಈಗ ನಮ್ಮ ಸರ್ಜನ್‌ಗಳು ಮೊದಲು ಕೇಳುವುದು, "ಯಾವ ಬದಿ?" ನಾಲ್ಕೈದು ವರ್ಷದ ಹಿಂದೆ ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕ್ಯಾನ್ಸರಿನ ಹಂತ ಗುರುತಿಸುವ ಎಜೆಸಿಸಿ ಪದ್ಧತಿಯ 8ನೇ ಆವೃತ್ತಿಯಲ್ಲಿ ಟಿ2 (ಗೋಡೆಯ ಸ್ನಾಯು ಪದರ ದಾಟಿದ ಗಡ್ಡೆ) ಎರಡಾಯಿತು, ಅದು 2018ರಿಂದ ಜಾರಿಯಲ್ಲಿದೆ. ಹೊಟ್ಟೆಯ ಪೊಳ್ಳಿನ ಕಡೆಯದು ಟಿ2ಎ, ಲಿವರ್ ಕಡೆಯದು ಟಿ2ಬಿ. ಲಿವರ್ ಬದಿಯಲ್ಲಿ ಸೆರೋಸಾ (ಹೊಳೆಯುವ ಹೊರಪೊರೆ) ಇಲ್ಲ. ಅಲ್ಲಿಯ ಗಡ್ಡೆ ನೋಡ್‌ಗೆ (ದುಗ್ಧಗ್ರಂಥಿ) ಹೋಗುವುದು, ಸರ್ಜರಿ ಆದಮೇಲೂ ಲಿವರ್‌ನಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಜಾಸ್ತಿ. ತೊಂದರೆ ಇದ್ದದ್ದು ಪಿತ್ತಕೋಶ ಲ್ಯಾಬಿಗೆ ಬರುವ ಡಬ್ಬಿಯಲ್ಲಿ. ಮನೆಯವರಿಗೆ ಕಲ್ಲು ತೋರಿಸಬೇಕೆಂದು ಓಟಿಯಲ್ಲೇ (ಆಪರೇಷನ್ ಕೋಣೆ) ಆ ಚೀಲವನ್ನು ಅಡ್ಡಾದಿಡ್ಡಿ ಕತ್ತರಿಸಿ, ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕುತ್ತಿದ್ದರು. ಮರುದಿನ ಅದು ಮುದುಡಿದ ಚರ್ಮದ ತುಂಡು. ಯಾವುದು ಲಿವರ್ ಬದಿ ಅಂತ ಹೇಳುವುದು ಹೇಗೆ?

ಮೊದಲು ಗುರುತಿಗೆ ದಾರದ ಹೊಲಿಗೆ ಹಾಕಿಸಿದೆ. ಹತ್ತರಲ್ಲಿ ಮೂರು ಬಿಚ್ಚಿಹೋದವು. ಆಮೇಲೆ ಸ್ಟೇಷನರಿ ಅಂಗಡಿಯ ಕಪ್ಪು ಇಂಡಿಯಾ ಇಂಕ್. ಪಿತ್ತರಸದಲ್ಲಿ ಒದ್ದೆಯಾದ ಚೀಲಕ್ಕೆ ಅದು ಹಿಡಿಯಲೇ ಇಲ್ಲ, ಎರಡೂ ಬದಿಗೆ ಹರಡಿತು. ಮಳೆಗಾಲದಲ್ಲಂತೂ ಏನೂ ಒಣಗುವುದಿಲ್ಲ ಅಲ್ವಾ. ಕೊನೆಗೆ ಕೈಯಿಂದ ಏಳೆಂಟು ಸಾವಿರ ಹಾಕಿ ಬಣ್ಣದ ಟಿಶ್ಯೂ ಇಂಕ್ ತರಿಸಿ, ಲಿವರ್ ಬದಿಗೆ ನೀಲಿ ಅಂತ ಗೊತ್ತುಮಾಡಿದೆ. ಶಾಯಿ ಬಳಿದ ಮೇಲೆ ವಿನೆಗರ್ ಒತ್ತಿದರೆ ಗಟ್ಟಿ ಕೂರುತ್ತದೆ. ಅದಕ್ಕೂ ಮೊದಲು ಮೇಲ್ಮೈಯನ್ನು ಹೇಗೆ ತಯಾರು ಮಾಡುತ್ತೇನೆ ಅನ್ನುವುದು ನಮ್ಮ ಲ್ಯಾಬಿನೊಳಗೇ ಇರಲಿ.

"ತಿಂಗಳಿಗೆ ನಲವತ್ತು ಕಲ್ಲಿನ ಕೇಸು ಮಾರಾಯ್ರೆ, ಎಲ್ಲಕ್ಕೂ ಬಣ್ಣ ಬಳಿಯುತ್ತಾ ಕೂರುವುದಾ?" ಅಂತ ಒಬ್ಬ ಹಿರಿಯ ಸರ್ಜನ್ ಕೇಳಿದರು. ಓಟಿ ಸಿಸ್ಟರ್ ಮಾತ್ರ ಕೈಬಿಡಲಿಲ್ಲ. ಕಲ್ಲು ತೆಗೆಯಲೇಬೇಕಾದರೆ ಹೊಳೆಯುವ ಬದಿಯಲ್ಲೇ ಉದ್ದಕ್ಕೆ ಸೀಳಿ, ಬೆಡ್ (ಲಿವರ್) ಬದಿ ಮುಟ್ಟಬೇಡಿ ಅಂದಿದ್ದೆ. ಒಂದು ಚೀಲಕ್ಕೆ ಎರಡು ನಿಮಿಷ, ಹತ್ತು ರೂಪಾಯಿಯೂ ಬೀಳುವುದಿಲ್ಲ.

ಎರಡನೇ ವರ್ಷ ಬಂಟ್ವಾಳ ಕಡೆಯ ಒಬ್ಬರು ಅಮ್ಮ, ಬೀಡಿ ಕಟ್ಟುವವರು. ಹೊರಗಿನಿಂದ ಗೋಡೆ ಸ್ವಲ್ಪ ದಪ್ಪ, ಅಷ್ಟೇ. ಸ್ಲೈಡಿನಲ್ಲಿ ನೀಲಿ ಗೆರೆಯಿಂದ ಒಂದು ಮಿಲಿಮೀಟರಿನಷ್ಟು ದೂರದಲ್ಲಿ ಗಡ್ಡೆ. ಟಿ2ಬಿ, ಅನುಮಾನವೇ ಇಲ್ಲ. "ಕಲ್ಲು ತೆಗೆದಾಯ್ತಲ್ಲ ಡಾಕ್ಟ್ರೇ, ಮತ್ತೆ ಯಾಕೆ ಆಪರೇಷನ್?" ಅಂತ ಅವರ ಮಗ ಕೇಳಿದ. ಸ್ಲೈಡನ್ನೇ ತೋರಿಸಿದೆ. ಟಿ2ಎ ಆಗಿದ್ದರೂ ಎರಡನೇ ಸರ್ಜರಿ ಹೇಳುತ್ತಿದ್ದೆವು, ಆದರೆ ಈ ಬದಿಯದ್ದಕ್ಕೆ ತಡ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಪಿತ್ತಕೋಶಕ್ಕೆ ತಾಗಿದ ಲಿವರ್ ಭಾಗಗಳಾದ 4ಬಿ ಮತ್ತು 5ನೇ ಸೆಗ್ಮೆಂಟ್ ತೆಗೆದರು, ಜೊತೆಗೆ ಏಳೋ ಎಂಟೋ ನೋಡ್. ಲಿವರ್ ತುಂಡಿನಲ್ಲಿ ಗಡ್ಡೆಯ ಸಣ್ಣದೊಂದು ಉಳಿಕೆ ಸಿಕ್ಕಿತು. ಸುಮ್ನೆ ಬಿಟ್ಟಿದ್ದರೆ ಅದು ಅಲ್ಲೇ ಬೆಳೆಯುತ್ತಿತ್ತು. ಅವರು ಈಗಲೂ ಚೆಕಪ್‌ಗೆ ಬರುತ್ತಾರೆ. ಬಣ್ಣದ ಬಗ್ಗೆ ಕೇಳಿದ ಆ ಸರ್ಜನ್ ಈಗ ಶಾಯಿ ಇಲ್ಲದೆ ಡಬ್ಬಿ ಮುಚ್ಚಿಸುವುದಿಲ್ಲ.

ಈವರೆಗೆ ನಮ್ಮಲ್ಲಿ ಕಲ್ಲಿಗೆಂದು ತೆಗೆದ ಚೀಲದಲ್ಲಿ ಇಂಥ ಕ್ಯಾನ್ಸರ್ ಒಂಬತ್ತೋ ಹತ್ತೋ ಸಿಕ್ಕಿವೆ. ಎರಡರಲ್ಲಿ ಗಡ್ಡೆ ಎರಡೂ ಬದಿಗೆ ಹಬ್ಬಿತ್ತು, ಅವನ್ನು ಲಿವರ್ ಬದಿಯ ಲೆಕ್ಕಕ್ಕೇ ಹಾಕುತ್ತೇನೆ.

ನಡುವೆ ಹಳೆಯ ಡಬ್ಬಿಗಳಲ್ಲಿದ್ದ ಚೀಲಗಳಿಗೂ ಶಾಯಿ ಬಳಿದು ನೋಡಿದೆ, ಉಪಯೋಗವಾಗಲಿಲ್ಲ. ಸಿಸ್ಟಿಕ್ ಡಕ್ಟಿನ (ಪಿತ್ತಕೋಶದ ಕುತ್ತಿಗೆಯಿಂದ ಪಿತ್ತನಾಳಕ್ಕೆ ಸೇರುವ ಕೊಳವೆ) ಕತ್ತರಿಸಿದ ತುದಿಯನ್ನು ಸ್ಲೈಡ್ ಮಾಡಲು ಬೇರೆ ಮೇಣದ ಬ್ಲಾಕಿಗೆ ಹಾಕುವುದು ಮಾತ್ರ ಉಳಿದುಕೊಂಡಿತು. ಕುತ್ತಿಗೆ ಹತ್ತಿರದ ಗಡ್ಡೆಯಾದರೆ ಪಿತ್ತನಾಳ ತೆಗೆಯಬೇಕೇ ಬೇಡವೇ ಅನ್ನುವುದು ಆ ತುದಿಯ ಮೇಲೆಯೇ ನಿಂತಿರುತ್ತದೆ.