ಧಾರವಾಡಕ್ಕೆ ವಿದೇಶಿ ಚಿಪ್ ಘಟಕ ಬರಬೇಕಾದರೆ ಮಾಡಬೇಕಾದ ಕೆಲಸ

ವಿದೇಶಿ ಚಿಪ್ ಕಂಪನಿಯನ್ನು ಹುಬ್ಬಳ್ಳಿ-ಧಾರವಾಡಕ್ಕೆ ಕರೆಯಬೇಕೆನ್ನುವವರು ಯಾವ ಬಗೆಯ ಘಟಕ ಬೇಕೆಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಸಿಲಿಕಾನ್ ಬಿಲ್ಲೆಯ ಮೇಲೆ ಸರ್ಕ್ಯೂಟ್ ಮೂಡಿಸುವ ಫ್ಯಾಬ್ ಬಹು ದುಬಾರಿ. ಟಾಟಾ ಸಂಸ್ಥೆಯು ತೈವಾನಿನ ಚಿಪ್ ತಯಾರಿಕಾ ಕಂಪನಿ ಪಿಎಸ್‌ಎಂಸಿ ಜೊತೆಗೂಡಿ ಗುಜರಾತಿನ ಧೋಲೇರಾದಲ್ಲಿ ಕೈಗೊಂಡಿರುವ ಫ್ಯಾಬ್‌ನ ಅಂದಾಜು ವೆಚ್ಚ 91,000 ಕೋಟಿ ರೂಪಾಯಿ. ಸಿದ್ಧ ಬಿಲ್ಲೆಯನ್ನು ಕತ್ತರಿಸಿ, ತಂತಿ ಬೆಸೆದು, ಕವಚ ಹಾಕಿ ಪರೀಕ್ಷಿಸುವ ಪ್ಯಾಕೇಜಿಂಗ್ ಘಟಕಕ್ಕೆ ಹಣವೂ ನೀರೂ ಅದಕ್ಕಿಂತ ಬಹಳ ಕಡಿಮೆ ಸಾಕು. ಮಲೇಷ್ಯಾದ ಪೆನಾಂಗ್ 1972ರಲ್ಲಿ ಇಂಟೆಲ್‌ನ ಜೋಡಣಾ ಘಟಕವನ್ನು ಪಡೆದು ಮೇಲೆ ಬಂದದ್ದು ಈ ದಾರಿಯಲ್ಲೇ. ನಾವೂ ಇಲ್ಲಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸಹಾಯಧನದ ಮಾತು ದೆಹಲಿ ಮತ್ತು ಬೆಂಗಳೂರಿನಲ್ಲಿ ನಡೆಯುವಂಥದ್ದು. 2023ರಲ್ಲಿ ಗುಜರಾತಿನ ಸಾನಂದ್‌ಗೆ ಬಂದ, ಅಮೆರಿಕದ ಚಿಪ್ ಕಂಪನಿ ಮೈಕ್ರಾನ್‌ನ ಪ್ಯಾಕೇಜಿಂಗ್ ಯೋಜನೆಯ ವೆಚ್ಚದಲ್ಲಿ ಅರ್ಧವನ್ನು ಕೇಂದ್ರವೂ ಶೇ 20ರಷ್ಟನ್ನು ಗುಜರಾತ್ ಸರ್ಕಾರವೂ ಭರಿಸಲು ಒಪ್ಪಿದವು. ಅಷ್ಟನ್ನು ಬೇರೆ ರಾಜ್ಯಗಳೂ ಕೊಡಬಲ್ಲವಾದ್ದರಿಂದ, ಹೂಡಿಕೆದಾರರ ಮನವೊಲಿಸುವ ಸಂಗತಿಗಳನ್ನು ಸ್ಥಳೀಯರೇ ಸಿದ್ಧಪಡಿಸಬೇಕು.

ಅದರಲ್ಲಿ ವಿದ್ಯುತ್ತಿನದೇ ಮೊದಲ ಪ್ರಶ್ನೆ. ನಮ್ಮ ಕಣ್ಣಿಗೆ ದೀಪ ಒಮ್ಮೆ ಮಿಣುಕಿದಂತೆ ಕಾಣುವ ವೋಲ್ಟೇಜ್ ಇಳಿತಕ್ಕೆ, ಕೂದಲಿಗಿಂತ ತೆಳುವಾದ ಚಿನ್ನದ ಇಲ್ಲವೇ ತಾಮ್ರದ ತಂತಿಯನ್ನು ಬೆಸೆಯುತ್ತಿರುವ ಯಂತ್ರ ನಿಂತುಹೋಗಬಹುದು. ಆಗ ಅರ್ಧಕ್ಕೆ ನಿಂತ ಚಿಪ್‌ಗಳನ್ನು ಮತ್ತೆ ಪರಿಶೀಲಿಸಬೇಕು, ಕೆಲವನ್ನು ಎಸೆಯಬೇಕು. ವಿದ್ಯುತ್ ಎಷ್ಟು ಗಂಟೆ ಹೋಗಿತ್ತೆಂಬ ತಿಂಗಳ ಲೆಕ್ಕದಲ್ಲಿ ಇಂಥ ಇಳಿತಗಳು ಕಾಣುವುದಿಲ್ಲ. ಆದ್ದರಿಂದ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂಥ ಕಡೆ ಜಾಗವನ್ನು ಗುರುತಿಸಿದ ಕೂಡಲೇ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂ ನೆರವಿನಿಂದ ಅಲ್ಲಿಗೆ ವಿದ್ಯುತ್ ತರುವ ಮಾರ್ಗಕ್ಕೆ (ಫೀಡರ್) ಕ್ಷಣಮಾತ್ರದ ಏರಿಳಿತವನ್ನೂ ದಾಖಲಿಸುವ ಮೀಟರ್ ಕೂರಿಸಿ, ಮಳೆಗಾಲವೂ ಸೇರಿದಂತೆ ಒಂದು ವರ್ಷದ ದಾಖಲೆಯನ್ನು ಕಡತದಲ್ಲಿಡಬೇಕು. ಎರಡು ಬೇರೆ ಉಪಕೇಂದ್ರಗಳಿಂದ ಮಾರ್ಗ ಎಳೆಯಲು ತಗಲುವ ವೆಚ್ಚವನ್ನೂ, ಅದನ್ನು ಯಾರು ಭರಿಸುವರೆಂಬುದನ್ನೂ ಅದರಲ್ಲೇ ಬರೆದಿಡಬೇಕು. ನೀರಿನ ವಿಷಯದಲ್ಲಿ, ಊರಿನ ಕುಡಿಯುವ ನೀರಾದ ಮಲಪ್ರಭೆಯ ಪಾಲಿಗೆ ಕೈಹಾಕದೆ, ಶುದ್ಧೀಕರಿಸಿದ ತ್ಯಾಜ್ಯನೀರಿನ ಮೂಲವನ್ನು ತೋರಿಸುವುದೇ ನ್ಯಾಯ.

ಧಾರವಾಡದ ಐಐಟಿ, ಐಐಐಟಿ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಗಳಿಂದ ಎಂಜಿನಿಯರುಗಳು ಸಿಗುತ್ತಾರೆ. ಪ್ಯಾಕೇಜಿಂಗ್ ಘಟಕಕ್ಕೆ ಅವರಿಗಿಂತ ಹೆಚ್ಚಾಗಿ ಬೇಕಾಗುವವರು ಪಾಳಿಯಲ್ಲಿ ಯಂತ್ರ ನಡೆಸಿ ದುರಸ್ತಿ ಮಾಡಬಲ್ಲ ಡಿಪ್ಲೊಮಾ ಮತ್ತು ಐಟಿಐ ಓದಿದವರು. ಗದಗ, ಹಾವೇರಿಯ ಮಕ್ಕಳಿಗೂ ಬಾಗಿಲು ತೆರೆಯುವುದು ಇಲ್ಲಿಯೇ. 1989ರಲ್ಲಿ ಪೆನಾಂಗ್‌ನಲ್ಲಿ ಸರ್ಕಾರ, ಕಂಪನಿಗಳು ಮತ್ತು ಶಿಕ್ಷಣ ಸಂಸ್ಥೆಗಳು ಸೇರಿ ಕಟ್ಟಿದ ಕೌಶಲ ಕೇಂದ್ರದ ಮಾದರಿಯಲ್ಲಿ, ಪಠ್ಯವನ್ನು ಕಂಪನಿಯೊಂದಿಗೆ ಕೂತು ರೂಪಿಸಬೇಕು.

ಬಂದವರು ಹೊರಟುಹೋಗಲೂಬಹುದು. 1996ರಲ್ಲಿ ಕೋಸ್ಟಾ ರಿಕಾವನ್ನು ಆರಿಸಿಕೊಂಡ ಇಂಟೆಲ್, 2014ರಲ್ಲಿ ಅಲ್ಲಿನ ಜೋಡಣೆ ಮತ್ತು ಪರೀಕ್ಷೆಯ ಕೆಲಸವನ್ನು ಏಷ್ಯಾಕ್ಕೆ ಒಯ್ಯುವುದಾಗಿ ಪ್ರಕಟಿಸಿತು. ಇಲ್ಲಿ ಹಾಗಾಗದಂತೆ ಕಂಪನಿ ಸ್ಥಳೀಯ ಪೂರೈಕೆದಾರರೊಂದಿಗೆ ಬೆಸೆದುಕೊಳ್ಳಬೇಕು. ಅದಕ್ಕಾಗಿ ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಯಂತ್ರಶಾಲೆಗಳು ಯಾವ ಅಚ್ಚು, ಜಿಗ್ (ಬಿಡಿಭಾಗವನ್ನು ಅಲುಗದಂತೆ ಹಿಡಿಯುವ ಸಾಧನ), ಟ್ರೇಗಳನ್ನು ಎಷ್ಟು ನಿಖರವಾಗಿ ತಯಾರಿಸಬಲ್ಲವೆಂಬ ಪಟ್ಟಿಯನ್ನು ಮಾದರಿಗಳ ಸಮೇತ ಮೊದಲ ಭೇಟಿಯಲ್ಲೇ ಕೊಡಬೇಕು. ಸ್ಥಳೀಯ ಖರೀದಿಯ ಷರತ್ತನ್ನು ಭೂಮಿಯ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಬರೆಸಿಕೊಳ್ಳಬೇಕು.